ಸಿಂಧುಗೆ, ಟೈರ್ ಕೊಳ್ಳುವ ಮುಂಚೆ

ನೋವೈ, ಮಿಶಿಗನ್

ಪ್ರೀತಿಯ ಸಿಂಧು,

"ಚಿಕ್ಕಮ್ಮಾ, ಕಡಿಮೆ ದುಡ್ಡಿಗೆ ಒಳ್ಳೆ ಸಮ್ಮರ್ ಪರ್ಫಾರ್ಮೆನ್ಸ್ ಟೈರ್ ಯಾವುದು?" ಅಂತ ಒಂದೇ ಸಾಲಲ್ಲಿ ಕೇಳಿದ್ದೀಯ. ಒಂದೇ ಸಾಲಲ್ಲಿ ಹೇಳಿದರೆ ನಿನ್ನ ದುಡ್ಡು ನೀರಿಗೆ ಹೋಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ನೀನು ಹೇಳು, ಚಳಿಗಾಲಕ್ಕೆ ಏನು ಮಾಡುತ್ತೀಯ? ಸಮ್ಮರ್ ಟೈರಿನ ರಬ್ಬರ್ ಬೆಚ್ಚಗಿದ್ದಾಗ ಮಾತ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್, ಅಂದರೆ ಇಲ್ಲಿನ ಲೆಕ್ಕದಲ್ಲಿ 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದರೆ ಆರಿದ ಮುದ್ದೆಯ ಹಾಗೆ ಬಿರುಸಾಗುತ್ತದೆ. ಹಿಮ ಬೀಳಲೇಬೇಕು ಅಂತಿಲ್ಲ, ಒಣ ರಸ್ತೆಯಲ್ಲೂ ಹಿಡಿತ ತಪ್ಪುತ್ತದೆ. ನಿನ್ನ ಒಹಾಯೋದ ಕೊಲಂಬಸ್‌ನಲ್ಲಿ ಏಪ್ರಿಲ್ ಬೆಳಗ್ಗೆಯೂ ಎಷ್ಟೋ ಸಲ ಅಷ್ಟು ಚಳಿ ಇರುತ್ತದೆ ಅಲ್ವಾ? "ನನ್ನದು ಸುಬಾರು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ" ಅನ್ನಬೇಡ. ಅದು ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕಲ್ಲ.

ಹಾಗಾಗಿ ಸಮ್ಮರ್ ಟೈರ್ ಬೇಕಿದ್ದರೆ ವಿಂಟರ್ ಟೈರಿನ ಇನ್ನೊಂದು ಸೆಟ್ಟೂ ಬೇಕು. ಕೊಳ್ಳುವ ದಿನ ಭಾರ ಅನ್ನಿಸುತ್ತದೆ, ನಿಜ. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ. ನಿನ್ನ ಅಪಾರ್ಟ್‌ಮೆಂಟಿನಲ್ಲಿ ಜಾಗ ಇಲ್ಲದಿದ್ದರೆ ಕೆಲವು ಟೈರ್ ಅಂಗಡಿಗಳು ಬಾಡಿಗೆಗೆ ಇಟ್ಟುಕೊಳ್ಳುತ್ತವೆ. ಬಾಲ್ಕನಿಯಲ್ಲಿ ಮಾತ್ರ ಬಿಡಬೇಡ. ಕೊರೆಯುವ ಚಳಿಯಲ್ಲಿ ಸಮ್ಮರ್ ಟೈರ್ ಬಾಗಿದರೆ ರಬ್ಬರೇ ಬಿರುಕು ಬಿಡಬಹುದು. ಎರಡು ಸೆಟ್ ಆಗಲ್ಲ ಅನ್ನುವುದಾದರೆ ವರ್ಷಪೂರ್ತಿ ಓಡಿಸಬಹುದಾದ 'ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್' ಟೈರ್ ತೆಗೆದುಕೋ. ನೀನು ಹೋಗುವ ಹಾಕಿಂಗ್ ಹಿಲ್ಸ್ ಬೆಟ್ಟಗಳ ತಿರುವುಗಳಲ್ಲಿ ಸ್ವಲ್ಪ ಮಜಾ ಕಡಿಮೆಯಾದೀತು, ಅಷ್ಟೇ. ಜೋರು ಹಿಮದ ದಿನ ಮಾತ್ರ ಕಾರನ್ನು ಮನೆಯಲ್ಲೇ ಬಿಡು.

ಎರಡು ಸೆಟ್ಟಿಗೆ ಮನಸ್ಸು ಮಾಡಿದ್ದೀಯ ಅಂದುಕೊಂಡು ಮುಂದೆ ಬರೆಯುತ್ತೇನೆ. ನಿನ್ನ 2015ರ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರು ಕಂಪನಿಯಿಂದ ಬಂದಾಗಲೇ ಸಮ್ಮರ್ ಟೈರ್ ಹಾಕಿಕೊಂಡು ಬಂದದ್ದು, ಸೈಜು 235/45 ಆರ್ 17. ಕೊನೆಯ 17 ಅಂದರೆ ಚಕ್ರದ ಇಂಚು. ಚಂದ ಕಾಣುತ್ತದೆ ಅಂತ 18 ಅಥವಾ 19 ಇಂಚಿನ ಚಕ್ರಕ್ಕೆ ಹೋಗಬೇಡ. ಇಂಚು ಏರಿದ ಹಾಗೆ ಸಾಮಾನ್ಯವಾಗಿ ಟೈರಿನ ಬೆಲೆಯೂ ಏರುತ್ತದೆ. ಜೊತೆಗೆ ಪಕ್ಕದ ರಬ್ಬರ್ ತೆಳ್ಳಗಾಗಿ, ಗುಂಡಿಗೆ ಬಿದ್ದರೆ ರಿಮ್ಮೇ ಸೊಟ್ಟಗಾಗುವ ಸಂಭವ ಜಾಸ್ತಿ. ದುಡ್ಡು ಉಳಿಯುವ ಮೊದಲ ಜಾಗ ಇದೇ.

ಇನ್ನು ಬ್ರ್ಯಾಂಡು. ನಿನ್ನ ತಾತ ಮೈಸೂರಿನ ವಿಕ್ರಾಂತ್ ಟೈರ್ಸ್‌ನಲ್ಲಿದ್ದವರು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು. ಈ ವ್ಯಾಪಾರದಲ್ಲಿ ಟೈರಿನ ಮೇಲಿನ ಹೆಸರು ಒಂದು, ಯಜಮಾನರು ಇನ್ನೊಬ್ಬರು. ಜನರಲ್ ಟೈರ್ 1987ರಿಂದ ಕಾಂಟಿನೆಂಟಲ್‌ನದು. ಫೈರ್‌ಸ್ಟೋನ್ 1988ರಿಂದ ಬ್ರಿಜ್‌ಸ್ಟೋನ್‌ನದು. ಬಿಎಫ್ ಗುಡ್ರಿಚ್ ಮಿಶೆಲಿನ್ ಮನೆಯದು. ದೊಡ್ಡ ಕಂಪನಿಗಳ ಈ ಎರಡನೇ ಹೆಸರುಗಳಲ್ಲೇ ನಿನ್ನ ಬಜೆಟ್ಟಿಗೆ ಸರಿಯಾದ ಮಾಲು ಸಿಗುವುದು. ಫೈರ್‌ಸ್ಟೋನ್ ಫೈರ್‌ಹಾಕ್ ಇಂಡಿ 500, ಜನರಲ್ ಜಿ-ಮ್ಯಾಕ್ಸ್ ಆರ್‌ಎಸ್ ನೋಡು. ಕೊರಿಯಾದ ಹಾಂಕುಕ್, ಕುಮ್ಹೊ ಕೂಡ ನೋಡು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಬಹಳ ಒಳ್ಳೆ ಟೈರೇ. ಆದರೆ ಆಫೀಸಿಗೆ ಹೋಗಿಬಂದು, ವಾರಕ್ಕೊಮ್ಮೆ ಬೆಟ್ಟದ ಕಡೆ ಹೋಗುವವಳಿಗೆ ಅಷ್ಟು ದುಡ್ಡು ಕೊಡುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೆಸರೇ ಕೇಳದ, ಅರ್ಧ ಬೆಲೆಯ ಟೈರ್ ಮಾತ್ರ ಬೇಡ. ಒಣ ರಸ್ತೆಯಲ್ಲಿ ಅದೂ ಚೆನ್ನಾಗೇ ಓಡುತ್ತದೆ. ಬಣ್ಣ ಬಯಲಾಗುವುದು ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ. ಒಂದೊಂದು ಟೈರೂ ನೆಲ ಮುಟ್ಟುವುದು ಅಂಗೈ ಅಗಲದಷ್ಟು ಮಾತ್ರ ಕಣೇ. ಸೌತ್ ಬೆಂಡ್‌ನ ಟೈರ್ ರ‍್ಯಾಕ್ ಅನ್ನುವ ಟೈರ್ ಮಾರುವ ಕಂಪನಿಯವರು ತಾವೇ ಟೈರುಗಳನ್ನು ಓಡಿಸಿ ಹೋಲಿಸುತ್ತಾರೆ. ಅವರೂ ಮಾರುವವರೇ ಅನ್ನುವುದು ನೆನಪಿರಲಿ, ಆದರೂ ಒದ್ದೆ ರಸ್ತೆಯ ಅಂಕಿಗಳನ್ನು ಮೊದಲು ಓದು.

ಟೈರಿನ ಪಕ್ಕದಲ್ಲಿ 'ಟ್ರೆಡ್‌ವೇರ್' ಅಂತ ಒಂದು ಸಂಖ್ಯೆ ಇರುತ್ತದೆ. ಜಾಸ್ತಿ ಇದ್ದರೆ ನಿಧಾನವಾಗಿ ಸವೆಯುತ್ತದೆ ಅಂತ ಅರ್ಥ. ಆದರೆ ಆ ಅಂಕಿ ಕೊಡುವುದು ಸರ್ಕಾರ ಅಲ್ಲ, ತಯಾರಿಸಿದ ಕಂಪನಿಯೇ. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಸರಿ, ಬೇರೆ ಬೇರೆ ಕಂಪನಿಗಳ ನಡುವೆ ಅದನ್ನೇ ನಂಬಬೇಡ. 200 ಅಂತ ಇದ್ದರೆ ಆ ಕಡೆ ತಿರುಗಿಯೂ ನೋಡಬೇಡ. ಅವು ಆಟೋಕ್ರಾಸ್ ಅನ್ನುವ ಕಾರು ಸ್ಪರ್ಧೆಯ ಹುಚ್ಚಿನವರಿಗೆ, ಬೇಗ ಸವೆಯುತ್ತವೆ.

ಈಗ ನಿನ್ನ ಕಾರಿನ ದೊಡ್ಡ ತಲೆನೋವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ನಾಲ್ಕೂ ಟೈರ್ ಒಂದೇ ಮಾದರಿ ಇರಬೇಕು, ಹೆಚ್ಚುಕಮ್ಮಿ ಒಂದೇ ಸಮ ಸವೆದಿರಬೇಕು. ಒಂದು ಹೊಸದು, ಮೂರು ಹಳತು ಆದರೆ ಸುತ್ತಳತೆ ಬೇರೆಯಾಗಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಸುಮ್ನೆ ದುಡಿದು ಹಾಳಾಗುತ್ತದೆ. ಅಂದರೆ ಪಕ್ಕಕ್ಕೆ ಒಂದು ಮೊಳೆ ಚುಚ್ಚಿದರೂ ಕೆಲವೊಮ್ಮೆ ನಾಲ್ಕನ್ನೂ ಬದಲಿಸಬೇಕಾಗುತ್ತದೆ! ಹೊಸ ಟೈರನ್ನು ಹಳೆಯದರ ಮಟ್ಟಕ್ಕೆ ಹೆರೆದು ಕೊಡುವವರೂ ಇದ್ದಾರೆ, ಕೇಳಿ ನೋಡು. ಸಾಮಾನ್ಯವಾಗಿ ಅಂಗಡಿಯವರು ತಲೆಗೆ ಕಟ್ಟುವ ವಾರಂಟಿಗಳನ್ನು ನಾನು ಬೇಡ ಅನ್ನುತ್ತೇನೆ. ನೀನು ಮಾತ್ರ ಮೊಳೆ, ಗುಂಡಿಯಿಂದ ಟೈರ್ ಹಾಳಾದರೆ ನೆರವಿಗೆ ಬರುವ 'ರೋಡ್ ಹಜಾರ್ಡ್' ವಾರಂಟಿ ತೆಗೆದುಕೋ. ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸುವುದನ್ನೂ ತಪ್ಪಿಸಬೇಡ.

ಸೆಕೆಂಡ್ ಹ್ಯಾಂಡ್ ಟೈರ್ ಮುಟ್ಟಬೇಡ. ಹೊಸದು ಅಂತ ಕೊಟ್ಟರೂ ಹಾಕುವ ಮುಂಚೆ ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ 'ಡಾಟ್' ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದು. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯಲ್ಲಿ ಮಾರುವ ಟೈರ್ ಎಷ್ಟೋ ಸಲ ಗೋಡೌನಿನಲ್ಲಿ ಕೂತ ಹಳೇ ಸರಕು. ಎರಡು ವರ್ಷ ದಾಟಿದ್ದರೆ ಬೇರೆ ಕೊಡಿ ಅನ್ನು, ಸಂಕೋಚ ಬೇಡ. ಗಾಳಿಯ ಲೆಕ್ಕ ಡ್ರೈವರ್ ಬಾಗಿಲಿನ ಒಳಗಿನ ಸ್ಟಿಕರ್ ಮೇಲಿದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡ.

ಅಂಗಡಿಯವರು ಹೇಳುವ ಟೈರಿನ ಬೆಲೆ ಪೂರ್ತಿ ಬೆಲೆ ಅಲ್ಲ. ಹಾಕುವುದು, ಬ್ಯಾಲೆನ್ಸಿಂಗ್, ಹಳೇ ಟೈರ್ ವಿಲೇವಾರಿ, ಟ್ಯಾಕ್ಸ್, ಅಲೈನ್‌ಮೆಂಟ್ ಎಲ್ಲಾ ಸೇರಿಸಿ ಎಷ್ಟು ಅಂತ ಬರೆಸಿಕೋ. ಎರಡು ಕಡೆ ಕೇಳಿ, ಎರಡೂ ಕೊಟೇಶನ್ ನನಗೆ ವಾಟ್ಸಾಪ್ ಮಾಡು. ದುಡ್ಡು ಕಟ್ಟುವುದು ಆಮೇಲೆ. ಅಕ್ಕನಿಗೆ ನೀನು ಕೊಂಡಿದ್ದು ಎಂಥ ಕಾರು ಅಂತ ನಾನಿನ್ನೂ ಬಾಯಿ ಬಿಟ್ಟಿಲ್ಲ, ಅದನ್ನು ನೀನೇ ಹೇಳಿಬಿಡು.

ನಿನ್ನ
ಚಿಕ್ಕಮ್ಮ