ಪುಟ್ಟುವಿನ ವಿಚಾರವಾಗಿ ಅಪ್ಪನಿಗೆ

ಸಿನ್ಸಿನಾಟಿ,
ಭಾನುವಾರ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು.

ನಿಮ್ಮ ಪತ್ರ ಗುರುವಾರ ತಲುಪಿತು. ಶಾಂತಕ್ಕ ಪಕ್ಕದಲ್ಲೇ ಇರುತ್ತಾಳೆಂದು ಫೋನಿನಲ್ಲಿ ಹೇಳಲಾಗದ್ದನ್ನೆಲ್ಲ ಬರೆದಿದ್ದೀರಿ. ಅದಕ್ಕೇ ನಾನೂ ಪತ್ರದಲ್ಲೇ ಉತ್ತರಿಸುತ್ತಿದ್ದೇನೆ. ಮಿದುಳು ಜ್ವರದಿಂದ ಅಕ್ಕನ ಮಗ ಪುಟ್ಟುವಿನ ಜೀವ ಉಳಿದರೂ ಎರಡೂ ಕಿವಿ ಹೋದವು, ಇನ್ನು ಶಾಲೆಗೆ ಕಳಿಸಿ ಫಲವೇನು, ಕೆರೆ ಪಕ್ಕದ ಅರ್ಧ ಎಕರೆ ಅವನ ಹೆಸರಿಗೆ ಬರೆದು ಮನೆಯಲ್ಲೇ ಇಟ್ಟುಕೊಳ್ಳೋಣ ಎಂದಿದ್ದೀರಿ. ನಿಮ್ಮ ಅಕ್ಕರೆ ನನಗೆ ಗೊತ್ತು. ಆದರೂ ಮೂರು ವರ್ಷದ ಕೂಸಿನ ಬಾಳನ್ನು ಅರ್ಧ ಎಕರೆಗೆ ಅಳೆದು ಮುಗಿಸಬೇಡಿ ಅಪ್ಪ.

ಇದೇ ಊರಿನಲ್ಲಿ ಆಡಿ, ಇಲ್ಲಿಯೇ ಕಣ್ಣುಮುಚ್ಚಿದ ವಿಲಿಯಂ ಹೋಯ್ ಎಂಬ ಬೇಸ್‌ಬಾಲ್ ಆಟಗಾರರ ಸಂಗತಿಯನ್ನು ನಿಮಗೆ ಹೇಳಲೇಬೇಕು. 1862ರಲ್ಲಿ ಓಹಾಯೊ ರಾಜ್ಯದ ಹಳ್ಳಿಯೊಂದರ ರೈತರ ಮನೆಯಲ್ಲಿ ಹುಟ್ಟಿದ ಅವರು, ಮೂರನೆಯ ವಯಸ್ಸಿನಲ್ಲಿ ಇದೇ ಕಾಯಿಲೆಯಿಂದ ಕಿವಿ ಕಳೆದುಕೊಂಡರು. ಕೊಲಂಬಸ್‌ನ ಕಿವುಡ ಮಕ್ಕಳ ಶಾಲೆಗೆ ಸೇರಿದ್ದು ಹತ್ತನೆಯ ವಯಸ್ಸಿಗೆ. ಆದರೂ ತರಗತಿಗೇ ಮೊದಲಿಗರಾಗಿ ಹೊರಬಂದರು. ಅವರ ತಂದೆ ಉಳಿದ ಗಂಡುಮಕ್ಕಳಿಗೆ 21 ತುಂಬಿದಾಗ ಒಂದು ಜೊತೆ ಬಟ್ಟೆ, ಕುದುರೆಗಾಡಿ, ಜೀನು ಕೊಟ್ಟರು. ಈ ಮಗನಿಗೆ ಮಾತ್ರ ಬಟ್ಟೆ ಮತ್ತು 24ರವರೆಗೆ ಮನೆಯಲ್ಲಿ ಊಟ. ಆ ತಂದೆಯದೂ ಕೆಟ್ಟ ಮನಸ್ಸಾಗಿರಲಾರದು. ಕಿವಿ ಕೇಳದವನು ಗಾಡಿ ಹೂಡಿಕೊಂಡು ಎಲ್ಲಿಗೆ ಹೋದಾನು ಎಂಬ ಅಂಜಿಕೆ ಇದ್ದಿರಬೇಕು. ನಿಮ್ಮ ಅರ್ಧ ಎಕರೆಯ ಮಾತು ಓದಿದಾಗ ನನಗೆ ಆ ಗಾಡಿಯೇ ನೆನಪಾಯಿತು.

ಹಳ್ಳಿಯಲ್ಲಿ ಬೂಟು ಹೊಲಿಯುತ್ತಿದ್ದ ಹೋಯ್ 1886ರಲ್ಲಿ ವೃತ್ತಿಪರ ತಂಡ ಸೇರಿ, 1888ರಲ್ಲಿ ವಾಷಿಂಗ್ಟನ್ ಪರವಾಗಿ ನ್ಯಾಷನಲ್ ಲೀಗ್ ಎಂಬ ದೊಡ್ಡ ಲೀಗಿಗೆ ಬಂದರು. ಮೊದಲ ವರ್ಷವೇ 82 ಬೇಸ್ ಕದ್ದು ಲೀಗಿಗೇ ಮೊದಲಿಗರಾದರು. ಎದುರಾಳಿ ಚೆಂಡೆಸೆಯುವಷ್ಟರಲ್ಲಿ ಮುಂದಿನ ನೆಲೆಗೆ ಓಡಿಬಿಡುವುದನ್ನು ಇಲ್ಲಿ ಕದಿಯುವುದು ಎನ್ನುತ್ತಾರೆ, ಅದು ದೊಡ್ಡ ವಿದ್ಯೆ. ಅವರು ನಿಲ್ಲುತ್ತಿದ್ದುದು ಔಟ್‌ಫೀಲ್ಡಿನಲ್ಲಿ, ನಮ್ಮ ಕ್ರಿಕೆಟ್ಟಿನ ಬೌಂಡರಿ ಗೆರೆಯ ಫೀಲ್ಡರಿನಂತೆ. 1889ರ ಜೂನ್ 19ರಂದು ಅಷ್ಟು ದೂರದಿಂದ ಎಸೆದು, ಓಟ ಪೂರೈಸಲು ಬಂದ ಮೂವರನ್ನು ಒಂದೇ ಪಂದ್ಯದಲ್ಲಿ ಔಟ್ ಮಾಡಿಸಿದರು. ಔಟ್‌ಫೀಲ್ಡಿನಲ್ಲಿ ಜೊತೆಗಾರರ ಕೂಗು ಕೇಳದಿದ್ದರೆ ಓಡುತ್ತ ಓಡುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಭಯವಿದೆ. ಅದಕ್ಕೆ ಅವರು ಚೆಂಡು ತನ್ನದಾದರೆ ಗಂಟಲಿನಿಂದ ಸಣ್ಣದೊಂದು ದನಿ ಹೊರಡಿಸುತ್ತಿದ್ದರಂತೆ. ಉಳಿದವರು ಸರಿದು ನಿಲ್ಲುತ್ತಿದ್ದರು. ಬ್ಯಾಟು ಹಿಡಿದಾಗ ಅಂಪೈರನ ತೀರ್ಪು ತಿಳಿಸಲು ತಂಡದ ಕೋಚ್ ಕೈ ಎತ್ತಿ ತೋರಿಸುತ್ತಿದ್ದರು.

14 ವರ್ಷ ದೊಡ್ಡ ಲೀಗುಗಳಲ್ಲಿ ಆಡಿ, 2,000ಕ್ಕೂ ಹೆಚ್ಚು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಗಳಿಸಿ, 1902ರಲ್ಲಿ ಸಿನ್ಸಿನಾಟಿ ತಂಡದಲ್ಲೇ ಆ ಆಟ ಮುಗಿಸಿದರು. ಜನ ಅವರನ್ನು 'ಡಮ್ಮಿ' ಎನ್ನುತ್ತಿದ್ದರು, ನಮ್ಮಲ್ಲಿ ಮೂಗ ಎನ್ನುವಂತೆಯೇ. ಅವರು ಅದನ್ನು ಬೇಸರಿಸದೆ ಒಪ್ಪಿಕೊಂಡರು. ಆದರೆ ಪುಟ್ಟುವನ್ನು ಬೀದಿಯವರು ಹಾಗೆ ಕರೆಯಲು ಶುರುಮಾಡಿದ್ದಾರೆ ಎಂದು ಬರೆದಿದ್ದೀರಿ, ಹಾಗೆ ಕರೆಯುವುದನ್ನು ನಾನು ಒಪ್ಪಲಾರೆ. ದಯವಿಟ್ಟು ಅವನ ಹೆಸರು ಹಿಡಿದು ಕರೆಯುವಂತೆ ಹೇಳಿ.

ಅವರ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಅವರ ಮನೆ ಬಾಗಿಲಲ್ಲಿದ್ದ ಹಿಡಿಯನ್ನು ಬಂದವರು ಎಳೆದರೆ ಒಳಗೆ ಸೀಸದ ಗುಂಡೊಂದು ಮರದ ಜಾರುದಾರಿಯಲ್ಲಿ ಉರುಳಿ ನೆಲಕ್ಕೆ ಬೀಳುತ್ತಿತ್ತು, ಆ ಕಂಪನ ಅವರ ಪಾದಕ್ಕೆ ತಿಳಿಯುತ್ತಿತ್ತು. ಭಾವ ಅಟ್ಟದಲ್ಲಿ ಕಾಯಿ ಮೂಟೆ ಕೆಡವಿದಾಗ ಅಲ್ಲೇ ಆಡುತ್ತಿದ್ದ ಪುಟ್ಟು ತಿರುಗಿ ನೋಡಿದ, ಕಿವಿ ಬರುತ್ತಿದೆಯೇನೋ ಎಂದು ಅಕ್ಕ ಕಾಯುತ್ತಿದ್ದಾಳೆ ಎಂದು ಬರೆದಿದ್ದೀರಲ್ಲ, ಅದೂ ಬಹುಶಃ ಪಾದಕ್ಕೆ ತಿಳಿದ ಕಂಪನ. ಅದನ್ನು ನಂಬಿ ಕಾಯಬೇಡಿ. ಈ ಜ್ವರದ ನಂತರ ಒಳಗಿವಿಯಲ್ಲಿ ಮೂಳೆ ಬೆಳೆದು ಗಟ್ಟಿಯಾಗಬಹುದು, ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ, ಶಬ್ದ ಕೇಳಿಸುವ ಸಾಧನವನ್ನು ಒಳಗಿವಿಯಲ್ಲಿ ಕೂರಿಸುವುದು ಕಷ್ಟ. ಆದ್ದರಿಂದ ಈ ವಾರವೇ ಮೈಸೂರಿಗೆ ಹೊರಡಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಪರೀಕ್ಷೆಯೂ ಆಗುತ್ತದೆ, ಇಂಥ ಮಕ್ಕಳಿಗೆ ಶಾಲೆಗೆ ಮುಂಚಿನ ಪಾಠವೂ ಇದೆ, ತಾಯಂದಿರಿಗೂ ಕಲಿಸುತ್ತಾರೆ. ಅಕ್ಕ ಅಲ್ಲೇ ಮನೆ ಮಾಡಿಕೊಂಡು ಇರಬೇಕಾಗಿ ಬಂದರೆ ಬಾಡಿಗೆ ನನ್ನದು, ಶಸ್ತ್ರಚಿಕಿತ್ಸೆಯ ಖರ್ಚೂ ನನ್ನದು. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ನಿಜವಾಗಿಯೂ ಇಲ್ಲ. ಕಾರು ಬದಲಾಯಿಸುವುದನ್ನು ಮುಂದೂಡಿದ್ದೇವೆ, ಅಷ್ಟೆ. ಕೆರೆ ಪಕ್ಕದ ಜಮೀನಿನ ಕಾಗದ ಹಾಗೇ ಇರಲಿ.

ಹೋಯ್ ಅವರ ಮಗ ಈ ಊರಿನಲ್ಲೇ ನ್ಯಾಯಾಧೀಶರಾದರು. 1961ರ ಅಕ್ಟೋಬರಿನಲ್ಲಿ, 99ರ ವಯಸ್ಸಿನಲ್ಲಿ, ಇಲ್ಲಿ ನಡೆದ ವರ್ಲ್ಡ್ ಸೀರೀಸ್ (ವರ್ಷದ ಅಂತಿಮ ಬೇಸ್‌ಬಾಲ್ ಸರಣಿ) ಪಂದ್ಯಕ್ಕೆ ಮೊದಲ ಚೆಂಡನ್ನು ಎಸೆದವರು ಹೋಯ್ ಅವರೇ. ಆ ಡಿಸೆಂಬರಿನಲ್ಲಿ ತೀರಿಕೊಂಡರು. ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿ.

ಮಗಳನ್ನು ಕರೆತರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಹಣ ನಾಳೆ ಭಾವನ ಖಾತೆಗೆ ಬರುತ್ತದೆ. ಮೈಸೂರಿನ ಬಸ್ಸು ಹತ್ತಿದ ಕೂಡಲೇ, ರಾತ್ರಿಯಾದರೂ ಸರಿ, ಫೋನ್ ಮಾಡಿಸಿ.

ನಿಮ್ಮ ಮಗ