ಮಾರ್ಕನಲ್ಲಿ ವ್ಯಂಗ್ಯ ಬೇರೆ, ಜ್ಞಾನಸ್ನಾನ ಬೇರೆ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಯೇಸುವಿನ ಕಥೆ ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆಯನ್ನು ಕುರಿತು ಪ್ರಕಟವಾಗುತ್ತಿರುವ ಲೇಖನಮಾಲೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಕಳೆದ ಕಂತಿನಲ್ಲಿ ಲೇಖಕರು ಕಥೆಯ ವ್ಯಂಗ್ಯವನ್ನು ಸಾಹಿತ್ಯ ವಿಮರ್ಶಕರ ಪಾಲಿಗೂ, ಜ್ಞಾನಸ್ನಾನದ, ಅಂದರೆ ಕ್ರೈಸ್ತರ ದೀಕ್ಷಾಸ್ನಾನದ, ಸಂಕೇತಗಳನ್ನು ಪಾದ್ರಿಗಳ ಪಾಲಿಗೂ ಹಂಚಿ, ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಬರೆದಿದ್ದಾರೆ. ನನ್ನ ತಕರಾರು ಇರುವುದು ಈ ಹಂಚಿಕೆಯ ಬಗ್ಗೆಯೇ.

ಹತ್ತನೆಯ ಅಧ್ಯಾಯವನ್ನು ನೋಡಿ. ಯೇಸು ತನಗೆ ಬರಲಿರುವ ಸಾವಿನ ಮಾತನ್ನು ಮೂರನೆಯ ಬಾರಿ ಎತ್ತಿದ ಬೆನ್ನಿಗೇ ಆತನ ಶಿಷ್ಯರು, ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನರು ಮುಂದೆ ಬಂದು, ಆತ ಮಹಿಮೆಗೆ ಬಂದಾಗ ಬಲಗಡೆಯ ಸ್ಥಾನ ಒಬ್ಬನಿಗೆ, ಎಡಗಡೆಯದು ಇನ್ನೊಬ್ಬನಿಗೆ ಸಿಗಬೇಕೆಂದು ಕೇಳುತ್ತಾರೆ. ಸಚಿವ ಸಂಪುಟ ರಚನೆಯ ಹೊತ್ತಿನ ಓಡಾಟ ಕಂಡಿರುವ ನಮಗೆ ಈ ಅವಸರ ಹೊಸದೇನಲ್ಲ. ನಾನು ಕುಡಿಯುವ ಪಾತ್ರೆಯಲ್ಲಿ ಕುಡಿಯಲು, ನಾನು ಹೊಂದುವ ಸ್ನಾನವನ್ನು ಹೊಂದಲು ನಿಮ್ಮಿಂದ ಆದೀತೇ ಎಂದು ಯೇಸು ಕೇಳಿದಾಗ ಅವರು ಹಿಂದೆಮುಂದೆ ನೋಡದೆ ಆಗುತ್ತದೆ ಎಂದುಬಿಡುತ್ತಾರೆ. ಐದು ಅಧ್ಯಾಯಗಳ ನಂತರ ಶಿಲುಬೆಯ ಬಲಕ್ಕೂ ಎಡಕ್ಕೂ ನಿಜವಾಗಿಯೂ ಇಬ್ಬರು ಇರುತ್ತಾರೆ. ಆದರೆ ಅವರು ಕಳ್ಳರು. ಸ್ಥಾನ ಕೇಳಿದ್ದವರು ಹಿಂದಿನ ರಾತ್ರಿಯೇ ಓಡಿಹೋಗಿದ್ದಾರೆ.

ಇಲ್ಲಿ ವ್ಯಂಗ್ಯವನ್ನು ಹುಟ್ಟಿಸುವುದೇ ಜ್ಞಾನಸ್ನಾನದ ಪ್ರಶ್ನೆ. ಜ್ಞಾನಸ್ನಾನವೆಂದರೆ ಕ್ರಿಸ್ತನ ಮರಣದಲ್ಲಿ ಪಾಲು, ಆತನೊಡನೆ ಹೂಳಲ್ಪಡುವುದು ಎಂದು ಪೌಲನು ರೋಮಾಪುರದವರಿಗೆ ಬರೆದದ್ದು ಮಾರ್ಕನಿಗಿಂತ ಮೊದಲೇ. ಕ್ರಿ.ಶ. 70ರ ಆಸುಪಾಸಿನಲ್ಲಿ ಈ ಕಥೆಯನ್ನು ಕೂಡಿ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಆ ಸ್ನಾನವನ್ನು ಹೊಂದಿದ್ದವರೇ ಆಗಿರಬೇಕು. ಹಾಗಾಗಿ ಯಾಕೋಬ ಯೋಹಾನರನ್ನು ಕಂಡು ಅವರು ನಕ್ಕಿದ್ದರೆ ಆ ನಗು ತಮ್ಮ ಕಡೆಗೇ ತಿರುಗಿರಬೇಕು. ಇಂದಿಗೂ ಈಸ್ಟರ್ ಹಬ್ಬದ ಹಿಂದಿನ ರಾತ್ರಿಯ ಪಾಸ್ಕ ಜಾಗರಣೆಯಲ್ಲಿ ಕ್ಯಾಥೊಲಿಕ್ ಚರ್ಚುಗಳಲ್ಲಿ ಉರಿಯುವ ಮೇಣದಬತ್ತಿ ಹಿಡಿದ ಜನ ಗುರುಗಳ ಒಂದೊಂದು ಪ್ರಶ್ನೆಗೂ ಒಕ್ಕೊರಲಿನಿಂದ ಒಪ್ಪಿಗೆ ಹೇಳಿ ತಮ್ಮ ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತಾರೆ. ಜೆಬೆದಾಯನ ಮಕ್ಕಳ ಉತ್ತರಕ್ಕಿಂತ ಆ ಒಪ್ಪಿಗೆ ಬಹಳ ದೂರದ್ದಲ್ಲ. ಬೇರೆ ಸುವಾರ್ತೆಗಳಲ್ಲಿ ಮತ್ತಾಯನು ಈ ಬೇಡಿಕೆಯನ್ನು ಅವರ ತಾಯಿಯ ಬಾಯಲ್ಲಿ ಇಡುತ್ತಾನೆ, ಲೂಕನು ಪ್ರಸಂಗವನ್ನೇ ಕೈಬಿಡುತ್ತಾನೆ. ಅಪೊಸ್ತಲರ ಮೇಲೆ ಈ ವ್ಯಂಗ್ಯ ತೀರ ಹರಿತವಾಯಿತೆಂದು ಅವರಿಬ್ಬರಿಗೂ ಅನಿಸಿರಬಹುದು.

ಇನ್ನು ಯೇಸುವಿನ ಬಂಧನವಾದ ಗೆತ್ಸೆಮನೆಯಲ್ಲಿ ಬರಿಮೈಮೇಲೆ ನಾರುಮಡಿ ಹೊದ್ದು ಯೇಸುವಿನ ಹಿಂದೆ ಹೋಗುತ್ತಿದ್ದು, ಬಂಧಿಸಲು ಬಂದವರು ಹಿಡಿದಾಗ ಬಟ್ಟೆಯನ್ನು ಅವರ ಕೈಯಲ್ಲೇ ಬಿಟ್ಟು ಬೆತ್ತಲೆಯಾಗಿ ಓಡಿಹೋದ ಆ ಹೆಸರಿಲ್ಲದ ಯುವಕನ ವಿಷಯ. ಇವನ ಕುರಿತು ಲೇಖಕರು, 1958ರಲ್ಲಿ ಮಾರ್ ಸಾಬಾ ಮಠದಲ್ಲಿ ತಮಗೆ ಸಿಕ್ಕಿತೆಂದು ವಿದ್ವಾಂಸ ಮಾರ್ಟನ್ ಸ್ಮಿತ್ ಹೇಳಿದ, ಮಾರ್ಕನ ‘ರಹಸ್ಯ ಸುವಾರ್ತೆ’ಯೊಂದನ್ನು ಉಲ್ಲೇಖಿಸುವ ಪತ್ರವನ್ನು ಆಧಾರವಾಗಿ ಹಿಡಿದಿದ್ದಾರೆ. ಅದು ಅಸಲಿಯೋ ನಕಲಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದರ ನೆರವೂ ಇಲ್ಲಿ ಬೇಕಿಲ್ಲ. ಮುಂದಿನ ಅಧ್ಯಾಯದಲ್ಲಿ ಅರಿಮಥಾಯದ ಯೋಸೇಫನು ಯೇಸುವಿನ ದೇಹವನ್ನು ಸುತ್ತುವುದು ನಾರುಮಡಿಯಲ್ಲೇ. ಅದರ ಮುಂದಿನ ಅಧ್ಯಾಯದಲ್ಲಿ ಬರಿದಾದ ಸಮಾಧಿಯೊಳಗೆ ಬಿಳಿಯ ನಿಲುವಂಗಿ ತೊಟ್ಟ ಒಬ್ಬ ಯುವಕ ಕುಳಿತಿರುತ್ತಾನೆ, ಅದೂ ಬಲಗಡೆಯಲ್ಲಿ. 4ನೆಯ ಶತಮಾನದ ಜೆರುಸಲೇಮಿನಲ್ಲಿ ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ನೀಡಿದ, ಬಿಷಪ್ ಸಿರಿಲರ ಹೆಸರಿನಲ್ಲಿ ಉಳಿದುಬಂದಿರುವ ಉಪದೇಶಗಳು ಹೇಳುವಂತೆ, ಅಭ್ಯರ್ಥಿಗಳು ಉಟ್ಟದ್ದನ್ನು ಕಳಚಿ ಬೆತ್ತಲೆಯಾಗಿ ನೀರಿಗಿಳಿದು ಮೂರು ಬಾರಿ ಮುಳುಗುತ್ತಿದ್ದರು. ಆ ನೀರು ಅವರಿಗೆ ಸಮಾಧಿಯೂ ಹೌದು, ತಾಯಿಯೂ ಹೌದು. ಇದು ಮಾರ್ಕನಿಗಿಂತ ಸುಮಾರು ಮುನ್ನೂರು ವರ್ಷ ಈಚಿನ ಮಾತಾದ್ದರಿಂದ, ಅವನ ಕಾಲದಲ್ಲೂ ಹೀಗೆಯೇ ನಡೆಯುತ್ತಿತ್ತೆಂದು ನಾನು ವಾದಿಸುವುದಿಲ್ಲ. ಆದರೆ ಬಟ್ಟೆ ಕಳಚಿದರೂ ಸಾವಿನೊಳಕ್ಕೆ ಇಳಿಯಲಾರದೆ ಕತ್ತಲಲ್ಲಿ ಓಡಿಹೋದವನನ್ನು ತಲೆಕೆಳಗಾದ ಜ್ಞಾನಸ್ನಾನವೆಂದು ಓದುವುದು, ಅವನು ಮಾರ್ಕನೇ, ಕಥೆಯಲ್ಲಿ ಹಾಕಿಕೊಂಡ ರಹಸ್ಯ ಸಹಿ ಎಂದು ಊಹಿಸುವುದಕ್ಕಿಂತ ಕಥೆಗೆ ಹೆಚ್ಚು ಹತ್ತಿರದ್ದು.

ಮಾರ್ಕನ ವ್ಯಂಗ್ಯದ ಗುರಿ ಯೆಹೂದ್ಯರು ಎಂಬ ಲೇಖಕರ ಮಾತನ್ನಂತೂ ಒಪ್ಪಲಾಗದು. ಯೇಸುವೂ ಶಿಷ್ಯರೂ ಯೆಹೂದ್ಯರೇ, ಅತಿ ಹರಿತವಾದ ಪೆಟ್ಟು ಬೀಳುವುದು ಶಿಷ್ಯರಿಗೇ. ಕೆನ್ನೀಲಿ ಬಟ್ಟೆ ಹೊದಿಸಿ, ಮುಳ್ಳಿನ ಕಿರೀಟ ತೊಡಿಸಿ, ಮೊಣಕಾಲೂರಿ ಅರಸನೆಂದು ಅಣಕಿಸುವವರು ರೋಮಿನ ಸೈನಿಕರು. ತಾವು ಆಡುತ್ತಿರುವುದು ಸತ್ಯವೆಂದು ಅವರಿಗೆ ಗೊತ್ತಿಲ್ಲ, ಕೇಳುಗರಿಗೆ ಗೊತ್ತು. ಯೊರ್ದನ್ ನದಿಯಲ್ಲಿ ಯೇಸುವಿನ ಸ್ನಾನವಾದಾಗ ಆಕಾಶ ಹರಿದು, ನೀನು ನನ್ನ ಮಗನೆಂಬ ವಾಣಿ ಕೇಳಿಸುತ್ತದೆ. ಆತ ಸತ್ತಾಗ ದೇವಾಲಯದ ತೆರೆ ಹರಿದು, ಅದೇ ಮಾತು ಮರಣದಂಡನೆಯ ಉಸ್ತುವಾರಿಗೆ ನಿಂತಿದ್ದ ಶತಾಧಿಪತಿಯ ಬಾಯಿಂದ ಬರುತ್ತದೆ. ಅವನು ಭಕ್ತಿಯಿಂದ ಹೇಳಿದನೋ ಕುಹಕದಿಂದಲೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕುಹಕವೆಂದೇ ಇಟ್ಟುಕೊಂಡರೂ ಯೊರ್ದನಿನ ಮಾತು ಶಿಲುಬೆಯ ಬುಡದಲ್ಲಿ ಮರುದನಿಗೊಂಡಿದೆ ಎಂಬುದು ಹುಸಿಯಾಗುವುದಿಲ್ಲ.

ಮುಂದಿನ ಕಂತು ಕುರುಡ ಬಾರ್ತಿಮಾಯನನ್ನು ಕುರಿತದ್ದೆಂದು ಪ್ರಕಟಿಸಿದ್ದೀರಿ. ಅವನು ಮೇಲುಹೊದಿಕೆ ಬಿಸುಟು ಎದ್ದುಬಂದದ್ದನ್ನು ಜ್ಞಾನಸ್ನಾನದ ಸಂಕೇತವೆಂದು ಕೆಲವರು ಓದುತ್ತಾರೆ. ಬಟ್ಟೆ ಕಂಡಲ್ಲೆಲ್ಲ ಸಂಸ್ಕಾರ ಹುಡುಕುವುದು ನನಗೆ ಅಷ್ಟು ರುಚಿಸದು, ಇಲ್ಲಿ ಪುರಾವೆಯೂ ತೆಳು. ಆದರೆ ನಿನಗಾಗಿ ನಾನು ಏನು ಮಾಡಬೇಕೆನ್ನುತ್ತೀ ಎಂದು ಯೇಸು ಅವನನ್ನು ಕೇಳುವ ಪ್ರಶ್ನೆ, ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು ಯಾಕೋಬ ಯೋಹಾನರಿಗೆ ಕೇಳಿದ ಪ್ರಶ್ನೆಯೇ. ಅವರು ಪೀಠ ಕೇಳಿದರು, ಇವನು ಕಣ್ಣು ಕೇಳಿದ, ಕಣ್ಣು ಬಂದೊಡನೆ ಜೆರುಸಲೇಮಿನ ದಾರಿ ಹಿಡಿದ. ಆ ಎರಡು ಪ್ರಸಂಗಗಳನ್ನು ಲೇಖಕರು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ಓದಿ ಬರೆಯಬೇಕೆಂದು ತಮ್ಮ ಮೂಲಕ ಕೋರುತ್ತೇನೆ.

ಇಂತಿ,
ಓರ್ವ ಓದುಗ, ಮಂಗಳೂರು