ಮೆಣಸಿನ ಅಗಿ ಮತ್ತು ಕೈಗುಣದ ಮಾತು

ಚಿರಂಜೀವಿ ಶೈಲಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಇಲ್ಲಿಯ ಸಮಾಚಾರವನ್ನೆಲ್ಲ ನಿನ್ನ ಅವ್ವ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಮೆಣಸಿನಕಾಯಿ ಸಸಿಗಳು, ನಮ್ಮ ಮಾತಿನಲ್ಲಿ ಅಗಿ, ಒಂದೊಂದಾಗಿ ಹೋದ ಸುದ್ದಿ ಬರೆದು, ಕೊನೆಗೆ ‘ನನ್ನ ಕೈಗುಣವೇ ಸರಿ ಇಲ್ಲವೇನೋ’ ಎಂದು ಒಂದು ಸಾಲು ಸೇರಿಸಿದ್ದೀಯಲ್ಲ, ನನ್ನ ಮನಸ್ಸು ಅಲ್ಲಿಯೇ ನಿಂತುಬಿಟ್ಟಿದೆ. ಸಸಿ ಹೋದರೆ ಮತ್ತೆ ಬಿತ್ತಬಹುದು.

ರಾತ್ರಿ ನೆಟ್ಟಗೆ ನಿಂತಿದ್ದ ಸಸಿ ಬೆಳಗಾಗುವಷ್ಟರಲ್ಲಿ ಅಡ್ಡ ಬಿದ್ದಿತ್ತು, ಎಲೆ ಇನ್ನೂ ಹಸಿರಾಗಿಯೇ ಇತ್ತು, ಮಣ್ಣಿಗೆ ತಾಗಿದ ಕಡೆ ಮಾತ್ರ ದಂಟು ನೀರು ಹಿಡಿದು ದಾರದಷ್ಟು ಸಣ್ಣದಾಗಿತ್ತು ಎಂದು ಬರೆದಿದ್ದೀಯ. ಇಷ್ಟು ನಿಗಾ ಇಟ್ಟು ನೋಡಿದವಳಿಗೆ ಕೈಗುಣದ ಮಾತು ಯಾಕೆ ಬಂತು? ಅದು ಸಸಿ ಕೊಳೆ ರೋಗ. ಪಿಥಿಯಂನಂಥ ರೋಗಾಣುಗಳು ಮಣ್ಣಿನಲ್ಲಿ ಇದ್ದೇ ಇರುತ್ತವೆ. ತೇವ ಆರದೆ, ಗಾಳಿಯಾಡದೆ, ಸಸಿಗಳು ಒತ್ತೊತ್ತಾಗಿ ನಿಂತರೆ ಎಳೆಯ ದಂಟಿನ ಬುಡಕ್ಕೆ ಹತ್ತುತ್ತವೆ. ಹುಬ್ಬಳ್ಳಿಯಲ್ಲಿ ಜಡಿಮಳೆ ಹಿಡಿದಾಗ ಕಿಟಕಿ ಮುಚ್ಚಿಕೊಂಡು, ತಳಕ್ಕೆ ತೂತಿಲ್ಲದ ಐಸ್‌ಕ್ರೀಂ ಡಬ್ಬಿಯಲ್ಲಿ ಹಳೆಯ ಕುಂಡದ ಮಣ್ಣು ತುಂಬಿ, ಎರಡು ಹೊತ್ತೂ ನೀರು ಹಾಕಿದರೆ ಯಾರು ಬಿತ್ತಿದ್ದರೂ ಹೀಗೆಯೇ ಆಗುತ್ತಿತ್ತು.

ನಮ್ಮ ಮನೆಯ ಮಗಳು ಗಂಗಕ್ಕನಿಗೂ ಇದೇ ಮಾತು ಅಂಟಿಕೊಂಡಿತ್ತು. ಅವಳಿಗೆ ಸಸಿಮಡಿ ಮಾಡಲು ಸಿಕ್ಕ ಜಾಗವೇ ಬಚ್ಚಲ ನೀರು ನಿಲ್ಲುವ ತಗ್ಗು. ಅಗಿ ಕೊಳೆತು ಹೋಯಿತು. ಅವಳ ಕೈ ಒಳ್ಳೆಯದಲ್ಲ ಎಂದು ಮನೆಯಲ್ಲಿ ಯಾರೋ ಅಂದದ್ದು ಓಣಿಯೆಲ್ಲ ತಿರುಗಾಡಿತು. ಅಂದಿನಿಂದ ಬಿತ್ತನೆಯ ದಿನ ಅವಳನ್ನು ಬೀಜದ ಬುಟ್ಟಿಯ ಹತ್ತಿರ ಬಿಡಲಿಲ್ಲ. ಕೇಳಿ ಕೇಳಿ ಅವಳೂ ಅದನ್ನು ನಂಬಿದಳು. ಗಂಡನ ಮನೆಯಲ್ಲಿ ತುಳಸಿಯನ್ನು ಕೂಡ ನೆರೆಯವರ ಕೈಯಿಂದ ಹಚ್ಚಿಸಿದಳಂತೆ. ಮುಂದೆ ನಾವು ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ ಏರುಮಡಿ ಮಾಡತೊಡಗಿದ ಮೇಲೆ ಆ ರೋಗ ಎಷ್ಟೋ ತಗ್ಗಿತು. ಆಗಲಾದರೂ ಅವಳನ್ನು ಕರೆಸಿ, ಮಡಿ ತೋರಿಸಿ, ‘ನೋಡವ್ವ, ಅದು ನಿಂತ ನೀರಿನ ಕೆಲಸ’ ಎನ್ನಬೇಕಿತ್ತು. ಎನ್ನುವ ಮೊದಲೇ ಅವಳು ಹೋಗಿಬಿಟ್ಟಳು. ಅದಕ್ಕೇ ನಿನ್ನ ಒಂದು ಸಾಲಿಗೆ ನಾನು ಇಷ್ಟು ಬರೆಯುತ್ತಿದ್ದೇನೆ.

ನಾನು ಹೊಲದವನು, ಫ್ಲ್ಯಾಟಿನೊಳಗಿನ ಸಸಿಯ ಬಗ್ಗೆ ಹೇಳುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ಹೇಳುತ್ತೇನೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ಅದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕು. ಉಳಿದವಕ್ಕೆ, ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಗುವವರೆಗೂ ನೀರು ಬೇಡ. ಹಗಲು ಸ್ವಲ್ಪ ಹೊತ್ತು ಫ್ಯಾನು ಸಣ್ಣಗೆ ತಿರುಗಲಿ. ಸಸಿಗಳು ಉದ್ದುದ್ದ ಬೆಳೆದು ಕಿಟಕಿಯ ಕಡೆ ವಾಲಿದ್ದು ಬೆಳಕು ಸಾಲದೆ. ಕೆಳಗಿನ ಎರಡು ಎಲೆ ಹಳದಿಯಾದವೆಂದು ಹೆದರಿದ್ದೀಯ. ಅವು ಬೀಜದಳಗಳು, ಮೇಲೆ ನಿಜವಾದ ಎಲೆಗಳು ಬಲಿತ ಮೇಲೆ ಉದುರುವಂಥವೇ. ಒಂದು ರೋಗ, ಒಂದು ಕೊರತೆ, ಇನ್ನೊಂದು ಸಹಜವಾಗಿ ಆಗುವಂಥದ್ದು. ಮೂರನ್ನೂ ಗಂಟು ಕಟ್ಟಿ ನಿನ್ನ ಕೈಯ ಮೇಲೆ ಹೊರಿಸಿಕೊಂಡಿದ್ದೀಯ. ಗಂಗಕ್ಕನೂ ಹೀಗೆಯೇ, ಹಾಲು ಒಡೆದರೂ ತನ್ನ ಕೈ ಎನ್ನುತ್ತಿದ್ದಳು.

ಮತ್ತೆ ಬಿತ್ತುವುದಾದರೆ ಹಳೆಯ ಮಣ್ಣು ಬೇಡ, ಹೊಸ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತೆಗೆದುಕೋ. ಡಬ್ಬಿಯ ತಳಕ್ಕೆ ಕಾಯಿಸಿದ ದಬ್ಬಣದಿಂದ ತೂತು ಮಾಡು. ಬೀಜಕ್ಕೆ ಟ್ರೈಕೊಡರ್ಮ, ಅಂದರೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ, ಸವರಿದರೆ ಒಳ್ಳೆಯದು. ಕಿಲೋ ಬೀಜಕ್ಕೆ 4 ಗ್ರಾಂ ಲೆಕ್ಕ, ನಿನ್ನ ಚಿಟಿಕೆ ಬೀಜಕ್ಕೆ ಉಗುರಿಗೆ ಹತ್ತುವಷ್ಟು ಸಾಕು. ಅಂಗಡಿಯವರು ಹೇಳಿದರೆಂದು ದುಬಾರಿ ಔಷಧಿಗಳನ್ನು ತರಬೇಡ. ಹತ್ತು ದಿನವಾದರೂ ಮೊಳಕೆ ಕಾಣಲಿಲ್ಲವೆಂದು ಕೆದಕಿ ನೋಡಬೇಡ, ಮೆಣಸಿನಕಾಯಿ ತಡ ಮಾಡುತ್ತದೆ. ಆಗಲೂ ಆ ಮಾತು ನಿನ್ನ ಬಾಯಿಗೆ ಬರದಿರಲಿ.

ಬ್ಯಾಡಗಿ ಕಡ್ಡಿ ತಳಿಯ ಮೆಣಸಿನಕಾಯಿ ಬೀಜವನ್ನು ನಿನ್ನ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ಅರ್ಧ ಮಾತ್ರ ಬಿತ್ತು, ಅರ್ಧವನ್ನು ಕಾಗದದಲ್ಲಿ ಕಟ್ಟಿ ಒಣಗಿದ ಜಾಗದಲ್ಲಿಡು. ಬಿತ್ತುವವಳು ನೀನೇ ಆಗಬೇಕು, ಕೆಲಸದವಳಿಗೆ ಕೊಡಕೂಡದು.

ನಿನ್ನ ದೊಡ್ಡಪ್ಪ